ಬಲೆ ಹರಡುವ ಜಾಗ

ಸೋಮ ಮರಕಾಲನಿಗೆ ಕಚೇರಿ ಎಂದರೆ ಆಗುತ್ತಿರಲಿಲ್ಲ. ಮೇಜಿನ ಆಚೆ ಕುಳಿತವನು ತಲೆ ಎತ್ತುವ ಮೊದಲೇ ಇವನ ಕಿವಿ ಕೆಂಪಾಗುತ್ತಿತ್ತು. ಅಂಥವನನ್ನೇ ತಾರಿಹಿತ್ಲಿನ ಕೇರಿಯವರು ವರ್ಷಗಟ್ಟಲೆ ಕಚೇರಿಗಳಿಗೆ ಅಟ್ಟಿದರು. ಅವನು ಆರನೆಯ ಇಯತ್ತೆಯವರೆಗೆ ಓದಿದ್ದ, ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಕೆಲವು ವರ್ಷ ದುಡಿದು ಬಂದಿದ್ದ, ಪ್ಯಾಂಟು ಹಾಕಿದವರ ಎದುರು ಕೈಕಟ್ಟಿ ನಿಲ್ಲುವ ಅಭ್ಯಾಸ ಅವನಿಗೆ ಅಲ್ಲಿಯೇ ತಪ್ಪಿಹೋಗಿತ್ತು. ಕೇರಿಗೆ ಅಷ್ಟೇ ಸಾಕಾಯಿತು.

ಈಗ ಅವನಿಲ್ಲ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಸೋಮನ ಮಟ್ಟಿಗೆ ಹಾಗೆ ಮಾಡಹೊರಟರೆ ಅವನೇ ಎದ್ದು ಬಂದು ಬೈದಾನು.

ತಾರಿಹಿತ್ಲು ಬೈಂದೂರಿಗೂ ಶಿರೂರಿಗೂ ನಡುವೆ, ಕಡಲಿಗೆ ಆತುಕೊಂಡಿರುವ ಮೊಗವೀರರ ಕೇರಿ. ಇಡೀ ಕೇರಿಗೆ ಒಂದೇ ರಂಪಣಿ. ರಂಪಣಿ ಒಬ್ಬರ ಬಲೆಯಲ್ಲ. ಮನೆಗೊಂದು ತುಂಡಿನಂತೆ ತಂದು, ಎಲ್ಲವನ್ನೂ ಕೂಡಿಸಿ ಕಟ್ಟಿದ, ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿಯವನ ಮುಖ ಗುರುತಾಗದಷ್ಟು ಉದ್ದದ ಬಲೆ. ದೋಣಿ ಅದನ್ನು ಕಡಲಿನಲ್ಲಿ ಬಿಲ್ಲಿನ ಹಾಗೆ ಬಳಸಿ ಬಿಟ್ಟು ಬರುತ್ತದೆ. ಆಮೇಲೆ ಕೇರಿಯ ಗಂಡಸರೆಲ್ಲ ಎರಡು ಸಾಲಾಗಿ ನಿಂತು ದಡದಿಂದ ಎಳೆಯುತ್ತಾರೆ. ಎಳೆದು, ಮೀನು ಬಿಡಿಸಿ, ಪಾಲು ಹಂಚಿದರೆ ಕೆಲಸ ಮುಗಿಯಿತು ಎಂದು ನೋಡುವವರಿಗೆ ಅನ್ನಿಸಬಹುದು. ಮುಗಿಯುವುದಿಲ್ಲ. ಬಲೆ ಹತ್ತಿಯ ನೂಲಿನದು. ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಅಷ್ಟು ದೊಡ್ಡ ಬಲೆಯನ್ನು ಒಂದೇ ಬಿಸಿಲಿಗೆ ಹರಡಲು ಬಯಲು ಬೇಕು. ಕೇರಿಯ ದಕ್ಷಿಣಕ್ಕೆ ಅಂಥ ಒಂದು ಮರಳು ಬಯಲಿತ್ತು. ಅಜ್ಜಂದಿರ ಕಾಲದಿಂದ ಬಲೆ ಒಣಗಿದ್ದು ಅಲ್ಲಿಯೇ.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಮಳೆಗಾಲ ಕಳೆದು, ದೋಣಿ ನೀರಿಗಿಳಿಸುವ ಹೊತ್ತಿಗೆ ಬಯಲಿನ ಸುತ್ತ ಮುಳ್ಳಿನ ಬೇಲಿ ಎದ್ದಿತು. ಒಳಗೆ ಸಾಲುಸಾಲಾಗಿ ಗುಂಡಿ, ಗುಂಡಿಗೊಂದು ತೆಂಗಿನ ಸಸಿ. ನಿಂತು ನೆಡಿಸುತ್ತಿದ್ದವರು ಭೋಜರಾಜ ಶೆಟ್ಟರು. ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ತಮ್ಮನ ಕೈಗೆ ಕೊಟ್ಟು ಊರಿಗೆ ಮರಳಿದವರು. ಕೆಟ್ಟ ಮನುಷ್ಯರೇನಲ್ಲ. ತೋಟ ಮಾಡಲು ಜಾಗ ಬೇಕೆಂದು ಸರಕಾರಕ್ಕೆ ಅರ್ಜಿ ಕೊಟ್ಟಿದ್ದರು. ರಿಜಿಸ್ಟರಿನಲ್ಲಿ ಆ ಜಾಗದ ಎದುರು 'ಸರಕಾರಿ ಪರಂಬೋಕು' ಎಂದಷ್ಟೇ ಇತ್ತು. ಯಾರದ್ದೂ ಅಲ್ಲದ ಜಾಗ ಎಂದು ಮಂಜೂರಾಯಿತು.

ಸೋಮ ಬೇಲಿಯ ಹೊರಗೆ ನಿಂತು ಕೂಗಿದ. "ಹ್ವಾಯ್ ಶೆಟ್ರೆ! ಎಂತ ಇದ್? ಇದ್ ನಮ್ ಬಲೆ ಹರಡು ಜಾಗ."

"ನಿಮ್ದ್ ಅಂದ್ರೆ ಆಯ್ತಾ ಸೋಮ? ಸರ್ಕಾರ ನಂಗ್ ಕಾಗ್ದ ಕೊಟ್ಟಿತ್."

"ನಿಮ್ ಸರ್ಕಾರಕ್ಕೆ ಕಣ್ಣಿಲ್ಯಾ? ಬಲೆ ಕಾಣ್ಲಿಲ್ಯಾ?"

"ಅವ್ರ್ ಬಂದ್ ಕಂಡದ್ ಆಟಿ ತಿಂಗಳಗೆ ಮಾರಾಯಾ. ಆಗಳ್ ನಿಮ್ ಬಲೆ ಎಲ್ಲಿತ್ತ್?"

ಆಟಿ ಎಂದರೆ ಸುರಿಮಳೆಯ ತಿಂಗಳು. ಮಳೆಗಾಲದಲ್ಲಿ ರಂಪಣಿ ಕೇರಿಯ ಚಪ್ಪರದೊಳಗೆ ಸುತ್ತಿಟ್ಟಿರುತ್ತದೆ. ಬಯಲಿನಲ್ಲಿ ಹುಲ್ಲು ಬಿಟ್ಟರೆ ಇನ್ನೇನೂ ಇರುವುದಿಲ್ಲ. ತನಿಖೆಗೆ ಬಂದವರು ಕಂಡದ್ದು ಹುಲ್ಲನ್ನೇ.

ಶೆಟ್ಟರು ಬೇಲಿಯ ಹತ್ತಿರ ಬಂದರು. "ನಿಮ್ಗೂ ಕಾಗ್ದ ಇದ್ರೆ ತಕಂಡ್ ಬನಿ. ಆ ಕಾಗ್ದ ಕಂಡ್ ಮರುದಿನ ನಾನೇ ಬೇಲಿ ಕೀಳ್ತೆ. ನಂದ್ ಮಾತ್ ಒಂದೇ."

ಕಾಗದ ಇತ್ತು. ಅದೇ ಹೊಟ್ಟೆಯುರಿಯ ಸಂಗತಿ. ಬಿಳಿಯರ ಕಾಲದಲ್ಲಿ ಇದೇ ಬಯಲಿಗಾಗಿ ಪಕ್ಕದ ಊರಿನವರೊಂದಿಗೆ ಜಗಳವಾಗಿ, ದೊರೆಯೇ ಬಂದು ನೋಡಿ, ಜಾಗವನ್ನು ತಾರಿಹಿತ್ಲಿನ ಬಲೆಗೆಂದು ಬಿಡಿಸಿ ಆದೇಶ ಮಾಡಿದ್ದ. ಅದರ ನಕಲು ಗುರಿಕಾರರ ಮನೆಯ ಮರದ ಪೆಟ್ಟಿಗೆಯಲ್ಲಿತ್ತು. ಗುರಿಕಾರ ಎಂದರೆ ಕೇರಿಯ ಹಿರಿಯ, ರಂಪಣಿಯ ಯಜಮಾನ. ಈಗ ಆ ಸ್ಥಾನದಲ್ಲಿದ್ದವನು ಸೋಮನ ಸೋದರತ್ತೆಯ ಮಗ ಬಚ್ಚ. ಆದರೆ ಪೆಟ್ಟಿಗೆಯ ಯಜಮಾನಿಕೆ ಬಚ್ಚನ ತಾಯಿ ಅಕ್ಕುವಿನದು.

ಅಕ್ಕು ಪೆಟ್ಟಿಗೆ ತೆರೆದು, ಬಾಳೆನಾರಿನಿಂದ ಕಟ್ಟಿದ ಬಟ್ಟೆ ಬಿಚ್ಚಿ, ಕಾಗದವನ್ನು ಹೆಮ್ಮೆಯಿಂದ ಸೋಮನ ಕೈಗಿಟ್ಟಳು. ಕಂದು ಬಣ್ಣ, ಹಲಗೆಯಂಥ ಬಿರುಸು, ಹಳೆಯ ದೋಣಿಯ ವಾಸನೆ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

"ಅಕ್ಕತ್ತೆ, ಇದ್ ಕಾಗ್ದವಾ, ಒಣಗ್ಸಿದ್ ತೊರಕೆ ಮೀನಾ?"

"ಬಾಯಿಗ್ ಬಂದಂಗ್ ಮಾತಾಡ್ಬೇಡ. ಪ್ರತೀ ವರ್ಷ ದೋಣಿಗ್ ಎಣ್ಣೆ ಹಾಕು ದಿನ ಇದ್ಕೂ ಹಾಕಿದ್ದೆ. ನಿನ್ ಅಪ್ಪಯ್ಯ ಬದ್ಕಿಪ್ಪತಿಗೂ ಹಾಕಿದ್ದೆ. ಒಂದ್ ಒರಲೆ ಮುಟ್ಲಿಲ್ಲ ಕಾಣ್!"

"ಒರಲೆಗೂ ಓದುಕಾಯ್ಲಿಲ್ಲ ಅತ್ತೆ, ಅದ್ಕೇ ಮುಟ್ಲಿಲ್ಲ."

ಮಳೆಗಾಲಕ್ಕೆ ಮೊದಲು ದೋಣಿಗೆ ಮೀನೆಣ್ಣೆ ಬಳಿಯುವುದು ಕೇರಿಯ ಕ್ರಮ. ಎಣ್ಣೆ ಕುಡಿದ ಮರ ನೀರು ಕುಡಿಯುವುದಿಲ್ಲ. ಹುಳ ಹತ್ತುವುದಿಲ್ಲ. ಅಕ್ಕು ಕೇರಿಯ ಅತಿ ದೊಡ್ಡ ಆಸ್ತಿಯನ್ನು ತನಗೆ ಗೊತ್ತಿದ್ದ ಅತಿ ಒಳ್ಳೆಯ ರೀತಿಯಲ್ಲಿ ಕಾಪಾಡಿದ್ದಳು. ಅವಳನ್ನು ಬೈಯಲು ಸೋಮನಿಗೂ ಆಗಲಿಲ್ಲ. ಹೊರಗೆ ಹೋಗಿ ದೋಣಿಗೆ ಒದ್ದು ಬಂದ.

ಆ ತುಂಡನ್ನೇ ಹಿಡಿದು ಕಚೇರಿಗೆ ಹೋದ. ಗುಮಾಸ್ತ ಮೂಗಿನ ಹತ್ತಿರ ಒಯ್ದು ದೂರ ಹಿಡಿದ. "ಇದನ್ನ ಫೈಲಿಗ್ ಹಾಕುದಾ ಮಾರಾಯಾ, ಸಾರಿಗ್ ಹಾಕುದಾ?" ಎಂದು ಪಕ್ಕದವರನ್ನೂ ನಗಿಸಿದ. ನಗು ಮುಗಿದ ಮೇಲೆ, ಪಾಪ, ಹೇಳಬೇಕಾದ್ದನ್ನು ಹೇಳಿದ. ಅಷ್ಟು ಹಳೆಯ ಆದೇಶಗಳು ಇಲ್ಲಿ ಇರುವುದಿಲ್ಲ. ಮೂಲ ಪ್ರತಿ ಮದರಾಸಿನ ಸರಕಾರಿ ದಾಖಲೆ ಭಂಡಾರದಲ್ಲಿ ಇರಬಹುದು. ಆದರೆ ಈಗ ನಾವು ಮೈಸೂರಿನವರು.

"ನಾ ಎಲ್ಲೂ ಹೋಯ್ಲಿಲ್ಲ ಸ್ವಾಮಿ. ತಾರಿಹಿತ್ಲಗೇ ಇದ್ದೆ" ಎಂದ ಸೋಮ. "ಕಾಗ್ದ ಮಾತ್ರ ಬೇರೆ ರಾಜ್ಯಕ್ ಹೋಯ್ತಾ?"

ಮರುವರ್ಷ ಕೇರಿಯವರು ಪಾಲಿನಲ್ಲಿ ಒಂದಿಷ್ಟು ಎತ್ತಿಟ್ಟು ಅವನನ್ನು ಮದರಾಸಿಗೆ ಕಳಿಸಿದರು. ಮಂಗಳೂರಿನಲ್ಲಿ ರೈಲು ಹತ್ತಿ, ಕುಳಿತೇ ನಿದ್ದೆ ಮಾಡಿ, ಮೈಯೆಲ್ಲ ಹೊಗೆಯ ಮಸಿಯಾಗಿ ಇಳಿದ. ಕೇಳಿ ಕೇಳಿ ಭಂಡಾರದ ಕಟ್ಟಡ ಹುಡುಕಿದ. ಒಳಗೆ ಕಾಲಿಟ್ಟವನು ಅಲ್ಲಿಯೇ ನಿಂತುಬಿಟ್ಟ. ನೆಲದಿಂದ ಮಾಡಿನವರೆಗೆ ಕಬ್ಬಿಣದ ಅಟ್ಟಗಳು, ಅಟ್ಟದ ತುಂಬ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಇಷ್ಟು ಕಾಗದವನ್ನು ಒಂದೇ ಕಡೆ ಅವನು ಕನಸಿನಲ್ಲಿಯೂ ಕಂಡಿರಲಿಲ್ಲ.

ಅವನ ಮಾತು ಕೇಳಲು ಬಂದವರು ಕನ್ನಡಕದ, ಮೆಲುದನಿಯ ಒಬ್ಬ ನೌಕರರು. ಮನೆಮಾತು ತೆಲುಗು, ಓದಿದ್ದು ಬಳ್ಳಾರಿಯಲ್ಲಿ, ಹಾಗಾಗಿ ಕನ್ನಡ ಬರುತ್ತಿತ್ತು. ಸೋಮನ ಕೈಯಲ್ಲಿದ್ದ ತುಂಡನ್ನು ನೋಡಿ ಅವರು ನಗಲಿಲ್ಲ.

"ಎಣ್ಣೆ ಹಾಕಿದ್ದೀರಾ?"

"ನಾವ್ ಅಲ್ಲ, ನಮ್ ಅತ್ತೆ."

"ಎಣ್ಣೆ ಮಸಿಯನ್ನು ತಿಂದುಬಿಡುತ್ತದೆ." ಅವರು ಎದ್ದು ಹತ್ತಿರದ ಅಟ್ಟದಿಂದ ಒಂದು ಗಂಟು ತಂದು ಬಿಚ್ಚಿ ತೋರಿಸಿದರು. "ಇದು ನಿಮ್ಮ ಕಾಗದಕ್ಕಿಂತ ಹಳೆಯದು. ಒಣ ಜಾಗ, ಗಾಳಿ, ಶುದ್ಧ ಬಟ್ಟೆ. ವರ್ಷಕ್ಕೊಮ್ಮೆ ಬಿಚ್ಚಿ ಧೂಳು ಹೊಡೆದು ಮತ್ತೆ ಕಟ್ಟುತ್ತೇವೆ. ಬೇರೇನೂ ಇಲ್ಲ." ಅಕ್ಷರಗಳು ನಿನ್ನೆ ಬರೆದ ಹಾಗಿದ್ದವು. ಸೋಮ ಬೆರಳು ಮುಂದೆ ಮಾಡಿ, ಮುಟ್ಟದೆ ಹಿಂದಕ್ಕೆ ತೆಗೆದ.

"ಯಾವ ವರ್ಷದ ಆದೇಶ?"

"ಬಿಳಿಯರ ಕಾಲದ್ದ್."

"ಅವರ ಕಾಲ ನೂರೈವತ್ತು ವರ್ಷದ್ದು. ಇಲಾಖೆ ಯಾವುದು? ನಂಬರು?"

"ಊರ್ ತಾರಿಹಿತ್ಲು. ಊರ್ ಹೆಸ್ರ್ ಹೇಳ್ರೆ ಆತಿಲ್ಯಾ?"

"ಊರಿನ ಹೆಸರಿನಲ್ಲಿ ಇಲ್ಲಿ ಏನನ್ನೂ ಇಟ್ಟಿಲ್ಲವಲ್ಲ. ವರ್ಷದ ಮೇಲೆ, ಇಲಾಖೆಯ ಮೇಲೆ ಇಟ್ಟಿದ್ದೇವೆ. ವರ್ಷ ಗೊತ್ತಿರದಿದ್ದರೆ ಕಷ್ಟ." ಅಷ್ಟು ಹೇಳಿ ಅವರು ಎದ್ದು ಒಳಗೆ ಹೋದರು.

ಸೋಮ ಕಾದ. ಗೋಡೆಯ ಗಡಿಯಾರ ನೋಡಿದ. ಕಚೇರಿಯವರು ಮಾತಿನ ನಡುವೆ ಎದ್ದು ಒಳಗೆ ಹೋದರೆಂದರೆ ಅದರ ಅರ್ಥ ಅವನಿಗೆ ಗೊತ್ತಿತ್ತು. ಊರಿನ ಪ್ರತಿಯೊಂದು ಕಚೇರಿಯಲ್ಲಿಯೂ ಅದೇ ಅರ್ಥ, ಇನ್ನು ಇವತ್ತಿನ ಮಟ್ಟಿಗೆ ಹೊರಡು. ಎಣ್ಣೆ ತುಂಡನ್ನು ಚೀಲಕ್ಕೆ ತುರುಕಿ, ಬಾಗಿಲ ಕಾವಲಿನವನಿಗೆ ಕುಂದಾಪ್ರ ಕನ್ನಡದಲ್ಲಿ ಬಾಯ್ತುಂಬ ಬೈದು, ಸಿಕ್ಕಿದ ರೈಲು ಹತ್ತಿದ. ಕನ್ನಡ ತಿಳಿಯದೆ ಕಾವಲಿನವನು ಕೈಮುಗಿದನಂತೆ. ಆ ಕಥೆಯನ್ನು ಹೇಳಿ ಸೋಮ ಹಲವು ವರ್ಷ ಕೇರಿಯನ್ನು ನಗಿಸಿದ.

ಊರಿಗೆ ಬಂದು ಹೇಳಿದ್ದು ಇಷ್ಟು. "ಅಲ್ಲ್ ಕಾಗ್ದ ಚಂದ ಮಾಡಿ ಇಟ್ಟಿದ್ರ್. ವರ್ಷ ಹೇಳ್ಕ್ ಅಂಬ್ರ್. ವರ್ಷ ತಕಂಡ್ ಹೋಯ್ಕ್."

ವರ್ಷ ಹುಡುಕಲು ಹೊರಟರು. ಒಬ್ಬ ಮುದುಕ ದೊಡ್ಡ ಸಿಡುಬಿನ ವರ್ಷ ಎಂದ. ಇನ್ನೊಬ್ಬ ಹೊಳೆ ಬಾಯಿ ತಿರುಗಿದ ವರ್ಷ ಎಂದ. ಇಬ್ಬರೂ ಜಗಳವಾಡಿದರು. ಕೊನೆಗೆ ಅಕ್ಕು, "ದೊರೆ ಬಂದ್ ದಿನ ನಂಗೆ ಬಚ್ಚ ಹೊಟ್ಟೆಯಗೆ ಇದ್ದ. ಕುದ್ರೆ ಕಾಂಬುಕ್ ಹೋಯಿ ಬಿದ್ದಿದ್ದೆ" ಎಂದಳು. ಇದು ಗಟ್ಟಿ. ಬಚ್ಚ ಹುಟ್ಟಿದ ವರ್ಷ ಸಿಕ್ಕರೆ ಆಯಿತು. ಬಚ್ಚ ಎರಡು ವರ್ಷ ಶಾಲೆಗೆ ಹೋದವನು. ಶಾಲೆಯಲ್ಲಿ ಕೇಳಿದರೆ ತಾರೀಖಿನ ಸಮೇತ ಹೇಳಿದರು.

ಸೋಮ ಕಚೇರಿಯಲ್ಲಿ ಅರ್ಜಿ ಕೊಟ್ಟ. ಆ ಅರ್ಜಿ ಇಲ್ಲಿಂದ ಮೇಲಿನ ಕಚೇರಿಗೆ, ಅಲ್ಲಿಂದ ಇನ್ನೂ ಮೇಲಕ್ಕೆ, ಈ ರಾಜ್ಯದಿಂದ ಆ ರಾಜ್ಯಕ್ಕೆ ಹೋಗಿ, ಬಂದ ದಾರಿಯಲ್ಲಿಯೇ ಮರಳಬೇಕು. ಮೂರು ಮಳೆಗಾಲ ಕಳೆಯಿತು. ಉತ್ತರ ಬಂತು. ಆ ವರ್ಷದಲ್ಲಿ ಅಂಥ ಆದೇಶವಿಲ್ಲ.

ಆಮೇಲೆ ತಿಳಿದದ್ದು, ಬಚ್ಚನ ಕಾಲದ ಹೆಡ್‌ಮಾಸ್ತರು ಮಕ್ಕಳನ್ನು ಸೇರಿಸುವಾಗ ವಯಸ್ಸನ್ನು ಅಂದಾಜಿನಲ್ಲಿ ಬರೆಯುತ್ತಿದ್ದರು. ಕೇರಿಯ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟಿದ್ದರು.

ಸೋಮ ಬಚ್ಚನ ಅಂಗಳಕ್ಕೆ ಹೋಗಿ ನಿಂತ. "ಸತ್ಯ ಹೇಳ್ ಭಾವ, ನೀ ಯಾವತ್ತ್ ಹುಟ್ಟದ್ದ್?"

"ನಾ ಹುಟ್ವತಿಗೆ ನನ್ ಕೈಯಗೆ ಕ್ಯಾಲೆಂಡರ್ ಕೊಟ್ಟಿರ್ಲಿಲ್ಲ ಮಾರಾಯಾ."

"ಹುಟ್ಟುಕೂ ಸಮ ಆಯ್ಲಿಲ್ಲ ನಿಂಗೆ!"

ನಗುವ ಮಾತೇ. ಆದರೆ ಆ ಹೊತ್ತಿಗೆ ಕೇರಿಯಲ್ಲಿ ನಗುವ ಮನಸ್ಸು ಕಡಿಮೆಯಾಗುತ್ತಿತ್ತು. ರಂಪಣಿಯನ್ನು ಈಗ ಪಕ್ಕದ ಊರಿನ ದಂಡೆಯಲ್ಲಿ, ಅವರ ಬಲೆ ಎದ್ದ ಮೇಲೆ, ಅವರಿಗೆ ಮೀನಿನ ಪಾಲು ಕೊಟ್ಟು ಒಣಗಿಸಬೇಕಾಗಿತ್ತು. ಅರ್ಧ ಒಣಗುವಾಗ ಹೊತ್ತು ಮುಳುಗುತ್ತಿತ್ತು. ಬಲೆಯ ತುಂಡುಗಳು ಬೆರಳು ಹಾಕಿದರೆ ಹರಿಯುವಂತಾದವು. ಕೆಲವು ಮನೆಯವರು ತಮ್ಮ ತುಂಡು ಬಿಚ್ಚಿಕೊಂಡು, ಗಂಗೊಳ್ಳಿಯ ಕಡೆ ಯಂತ್ರದ ದೋಣಿಗಳಿಗೆ ಕೆಲಸಕ್ಕೆ ಹೋದರು. ಬೇಲಿಯೊಳಗೆ ಶೆಟ್ಟರ ಸಸಿಗಳು ಆಳೆತ್ತರವಾದವು.

ಸೋಮ ಮತ್ತೆ ಅರ್ಜಿ ಹಾಕಿದ. ಆಚೀಚೆಯ ವರ್ಷಗಳನ್ನೂ ನೋಡಿರಿ ಎಂದು ಬರೆಸಿದ. ಇಂಥದ್ದೇ ವರ್ಷ ಎಂದು ಬರೆಯದೆ ಕಳಿಸಲಾಗದು ಎಂದು ಅದು ಮೊದಲ ಮೆಟ್ಟಿಲಿನಿಂದಲೇ ಮರಳಿತು. ಅವನು ಮೇಜು ಗುದ್ದಿದ. ಗುದ್ದಿದ್ದರಿಂದ ಮುಂದಿನ ಅರ್ಜಿಯೂ ಒಂದು ವರ್ಷ ಅಲ್ಲಿಯೇ ಮಲಗಿತು. ಸಿಟ್ಟು ಕೆಲಸ ಕೆಡಿಸುತ್ತದೆ ಎಂದು ಗೆಳೆಯರು ಹೇಳಿದರೆ, "ನಿಮ್ ಸಮಾಧಾನ ಎಷ್ಟ್ ಬೇಲಿ ಕಿತ್ತಿತ್?" ಎಂದು ಕೇಳುತ್ತಿದ್ದ.

ಅವನ ಹೆಂಡತಿ ವನಜ ತಲೆಯ ಮೇಲೆ ಬುಟ್ಟಿ ಹೊತ್ತು ಬೈಂದೂರಿನ ಪೇಟೆಗೆ ಮೀನು ಮಾರಲು ನಡೆಯುವವಳು. ಮನೆ ನಡೆಯುತ್ತಿದ್ದದ್ದು ಆ ಬುಟ್ಟಿಯಿಂದ. "ಮದ್ರಾಸಿನ್ ಕಾಗ್ದ ಹ್ಯಾಂಗ್ ಇತ್ತ್ ಅಂದ್ ಗೊತ್ತಿತ್" ಎನ್ನುತ್ತಿದ್ದಳು. "ನಮ್ ಮನಿ ಮಾಡ್ ಸೋರುದ್ ಮಾತ್ರ ಕಣ್ಣಿಗ್ ಕಾಂತಿಲ್ಲೆ."

ಅರವತ್ತೆಂಟರಲ್ಲಿ ಯಾರನ್ನೂ ಕೇಳದೆ ಸೋಮ ಇನ್ನೊಮ್ಮೆ ಮದರಾಸಿಗೆ ಹೋದ. ಅದೇ ಕಟ್ಟಡ, ಅದೇ ಅಟ್ಟಗಳು. ಕನ್ನಡಕದವರೂ ಇದ್ದರು, ತಲೆ ಬೆಳ್ಳಗಾಗಿತ್ತು. ಎಣ್ಣೆ ಕಾಗದ ಎಂದೊಡನೆ ಅವರಿಗೆ ನೆನಪಾಯಿತು.

"ನೀವು ಅವತ್ತು ಎಲ್ಲಿಗೆ ಹೋದಿರಿ?" ಎಂದರು. "ವರ್ಷ ಗೊತ್ತಿಲ್ಲದಿದ್ದರೆ ಸೂಚಿ ಪುಸ್ತಕಗಳನ್ನು ಒಂದೊಂದಾಗಿ ನೋಡಬೇಕಲ್ಲ. ಅವನ್ನು ತರಲು ಒಳಗೆ ಹೋಗಿದ್ದೆ. ಹೊತ್ತುಕೊಂಡು ಬರುವಷ್ಟರಲ್ಲಿ ನೀವಿಲ್ಲ."

ಸೋಮ ಬೆಂಚಿನ ಮೇಲೆ ಕುಳಿತ. ಅವರು ಸೂಚಿಗಳನ್ನು ತಂದು, ದಕ್ಷಿಣ ಕನ್ನಡ, ಕುಂದಾಪುರ ತಾಲೂಕು ಎಂದು ಬೆರಳಿಟ್ಟು ಓದುತ್ತ ಹೋದರು. ಮಧ್ಯಾಹ್ನ ಊಟ ಮುಗಿಸಿ ಶುರುಮಾಡಿದ ಕೆಲಸ, ಕಚೇರಿ ಮುಚ್ಚುವ ಮೊದಲು ಮುಗಿಯಿತು. ಶಾಲೆಯವರು ಹೇಳಿದ್ದಕ್ಕಿಂತ ಎರಡು ವರ್ಷ ಈಚೆಗೆ ಆದೇಶ ಸಿಕ್ಕಿತು. ಕಾಗದ ಹಾಗೆಯೇ ಇತ್ತು. ಬಯಲಿನ ನಾಲ್ಕು ಗಡಿ, ಬಲೆ ಒಣಗಿಸಲು ಮಾತ್ರ, ಬೇರೆ ಯಾರಿಗೂ ಕೊಡತಕ್ಕದ್ದಲ್ಲ, ಕೆಳಗೆ ದೊರೆಯ ಸಹಿ. ಅವರು ಓದಿ ಅರ್ಥ ಹೇಳಿದರು.

ಇಷ್ಟು ವರ್ಷ ಅದು ಅಲ್ಲಿ ಮಲಗಿತ್ತು. ಪ್ರತಿ ವರ್ಷ ಯಾರೋ ಅದನ್ನು ಬಿಚ್ಚಿ, ಧೂಳು ಹೊಡೆದು, ಕಟ್ಟಿ ಇಟ್ಟಿದ್ದರು. ಇಲ್ಲಿ ಬಲೆ ಕೊಳೆಯುತ್ತಿತ್ತು. ನಡುವೆ ಇದ್ದದ್ದು ಒಂದು ಮಧ್ಯಾಹ್ನದ ಕೆಲಸ.

ಆ ದಿನ ಸೋಮ ಯಾರನ್ನೂ ಬೈಯಲಿಲ್ಲ. ಅಂಥ ದಿನ ಅವನ ಆಯುಷ್ಯದಲ್ಲಿ ಅದೊಂದೇ ಇರಬೇಕು. ಸೂಚಿ ತರಲು ಹೋದ ಮಾತನ್ನು ಅವನು ಕೇರಿಗೆ ಹೇಳಲಿಲ್ಲ, ವನಜಳಿಗೂ ಹೇಳಲಿಲ್ಲ. ಒಬ್ಬ ಗೆಳೆಯನಿಗೆ ಮಾತ್ರ, ಬಸ್ರೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ರಸ್ತೆಯನ್ನೇ ನೋಡುತ್ತ ಹೇಳಿದ. "ಒಂದ್ ಗಳಿಗೆ ಕೂತ್ಕಂಡಿದ್ರೆ ಆತಿತ್ತ್."

ನಂಬರು ಸಿಕ್ಕಿದ ಮೇಲೆ ಕಾಗದ ತನ್ನ ದಾರಿಯಲ್ಲಿ ಬಂತು. ಅರವತ್ತೊಂಬತ್ತರಲ್ಲಿ, ಮೊಹರು ಹಾಕಿದ ನಕಲು. ಇಲ್ಲಿಯ ರಿಜಿಸ್ಟರಿನಲ್ಲಿ ಅದನ್ನು ಏರಿಸುವವರೆಗೆ ಸೋಮ ಮೇಜಿನ ಎದುರಿನಿಂದ ಕದಲಲಿಲ್ಲ. ನಾಳೆ ಬಾ ಎಂದರು. "ನಾಳೆ ಬಪ್ಪುದ್ ಹೇಂಗ್ ಅಂದ್ ನಂಗ್ ಗೊತ್ತಿತ್. ಈಗಳ್ ಬರೀನಿ" ಎಂದ. ಬರೆದರು.

ಭೋಜರಾಜ ಶೆಟ್ಟರು ಕಾಗದವನ್ನು ಎರಡು ಸಲ ಓದಿದರು. ಮರುದಿನ ಆಳುಗಳನ್ನು ಕರೆದು ಬೇಲಿ ಕೀಳಿಸಿದರು. ಮಾತು ಒಂದೇ ಎಂದಿದ್ದರು, ಒಂದೇ ಆಯಿತು. ಆದರೆ ಬೇಲಿ ಹೋದ ಮೇಲೆ ಕಂಡದ್ದು ಬಯಲಲ್ಲ. ಫಲಕ್ಕೆ ಬಂದ ತೆಂಗಿನ ತೋಟ.

"ಜಾಗ ನಿಮ್ದ್" ಎಂದರು ಶೆಟ್ಟರು. "ಮರ ಕಡ್ಕಣಿ. ನಾ ಅಡ್ಡ ಬತ್ತಿಲ್ಲೆ."

ಕೇರಿಯ ಗಂಡಸರು ಕೊಡಲಿ ತಂದು ನಿಂತರು. ಯಾರೂ ಮುಂದೆ ಹೋಗಲಿಲ್ಲ. ಕಾಯಿ ಬಿಡುವ ತೆಂಗಿಗೆ ಕೊಡಲಿ ಹಾಕುವುದು ನಮ್ಮ ಕಡೆ ಮಕ್ಕಳ ಮೇಲೆ ಕೈಮಾಡಿದಂತೆ. ಬಚ್ಚ ಹಿಂದೆ ಸರಿದ. "ನನ್ ಕೈಲಿ ಆತಿಲ್ಲೆ. ಮನಿಯಗೆ ಸೊಸೆ ಬಸ್ರಿ."

"ನಾ ಕಡಿತೆ, ತಾ!" ಎಂದು ಸೋಮ ಕೊಡಲಿ ಕಿತ್ತುಕೊಂಡ. ಅಂಚಿನ ಮರದ ಬುಡಕ್ಕೆ ನಡೆದ. ಕೊಡಲಿ ಎತ್ತಿದ. ಎತ್ತಿದವನ ಕಣ್ಣು ಮೇಲೆ ಹೋಯಿತು. ಮೊದಲ ಗೊನೆ, ಹಸುರು ಎಳನೀರು. ಕೊಡಲಿ ಹಾಗೆಯೇ ನಿಂತಿತು, ಆಮೇಲೆ ಕೆಳಗಿಳಿಯಿತು. "ಹತ್ತ್ ವರ್ಷ ಹಿಂದೆ ಈ ಕಾಗ್ದ ಬಂದಿದ್ರೆ ಎರಡ್ ಬೆರಳಗೆ ಕಿತ್ತ್ ಹಾಕ್ತಿದ್ದೆ" ಎಂದ. ಅವನ ದನಿಯನ್ನು ಕೇಳಿ ಶೆಟ್ಟರು ಬೇರೆ ಕಡೆ ನೋಡಿದರು.

ಹೀಗೆ ಕೇರಿಗೆ ಜಾಗ ಸಿಕ್ಕಿತು, ಬಿಸಿಲು ಸಿಗಲಿಲ್ಲ. ಮರಗಳ ಸಾಲಿನ ನಡುವೆ ಬಲೆ ಹರಡಿದರೆ ಗರಿಯ ನೆರಳು ಬೀಳುತ್ತದೆ. ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ. ಒದ್ದೆ ಬಲೆಯನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಎಳೆಯುತ್ತಲೇ ಇರಬೇಕು. ಉಳಿದವರು ಒಂದು ಸಲ ಎಳೆದು ಮನೆಗೆ ಹೋಗುತ್ತಿದ್ದರು. ಸೋಮ ಹೋಗುತ್ತಿರಲಿಲ್ಲ. ಬೇರೆಯವರ ತುಂಡನ್ನೂ ತಾನೇ ಎಳೆಯುತ್ತ, ಮರಗಳನ್ನು ಬೈಯುತ್ತ, ಸಂಜೆಯವರೆಗೆ ಬಿಸಿಲಿನ ಹಿಂದೆ ನಡೆಯುತ್ತಿದ್ದ. ಬಿಡು ಎಂದರೆ, "ಕಾಗ್ದ ತಂದದ್ ನಾನ್, ಒಣಗ್ಸುಕೂ ನಾನೇ ಆಯ್ಕ್" ಎನ್ನುತ್ತಿದ್ದ.

ಎಪ್ಪತ್ತೊಂದರ ದೀಪಾವಳಿ ಕಳೆದ ವಾರ ಬಂಗಡೆಯ ದೊಡ್ಡ ಎಳೆತ ಬಿತ್ತು. ಬಲೆ ನೀರು ಕುಡಿದು ಕಲ್ಲಿನಂತಾಗಿತ್ತು. ಮಧ್ಯಾಹ್ನ ಅದನ್ನು ಮೂರನೆಯ ಸಾಲಿಗೆ ಎಳೆಯುತ್ತಿದ್ದಾಗ ಸೋಮ ಎದೆ ಹಿಡಿದುಕೊಂಡು ಕುಕ್ಕರಿಸಿದ. ಹತ್ತಿರ ಯಾರೂ ಇರಲಿಲ್ಲ. ಬುಟ್ಟಿ ಇಳಿಸಿ ಊಟಕ್ಕೆ ಕರೆಯಲು ಬಂದ ವನಜಳೇ ಮೊದಲು ಕಂಡದ್ದು. ಆಗಲೇ ಜೀವ ಹೋಗಿತ್ತು. ಐವತ್ತು ತುಂಬಿರಲಿಲ್ಲ.

ಬೊಜ್ಜದ ದಿನ, ಸೋಮನ ಉತ್ತರಕ್ರಿಯೆಗೆ, ಭೋಜರಾಜ ಶೆಟ್ಟರು ಬಂದರು. ಅಂಗಳದಲ್ಲಿ ಬಚ್ಚನನ್ನು ಬದಿಗೆ ಕರೆದು, "ನೆಟ್ಟದ್ ನಾನ್. ಪಾಪ ಬಂದ್ರೆ ನಂಗ್ ಬರ್ಲಿ" ಎಂದರು. ಮರುದಿನ ಅವರೇ ನಿಂತು ಮರ ಕಡಿಸಿದರು. ಕಡಲ ಬದಿಯ ಸಾಲುಗಳೆಲ್ಲ ಎರಡೇ ದಿನದಲ್ಲಿ ಉರುಳಿದವು. ಬಯಲು ಬಯಲಾಯಿತು. ಕೇರಿಯವರು ಶೆಟ್ಟರ ದೊಡ್ಡ ಮನಸ್ಸನ್ನು ಹೊಗಳಿದರು. ಹೊಗಳಬೇಕಾದ್ದೇ. ಆದರೆ ಆ ಮಾತನ್ನು ಬೇಲಿ ಕಿತ್ತ ದಿನವೇ ಹೇಳಲು ಅವರ ಬಾಯಿ ಕಟ್ಟಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಕೇಳುತ್ತಿದ್ದವನು ಒಬ್ಬನೇ ಇದ್ದ.

ಬಲೆ ಹರಡಿ ಬಂದ ಬಚ್ಚ, ವನಜಳಿಗೆ ಸಮಾಧಾನವಾಗಲಿ ಎಂದು ಅವಳ ಬಾಗಿಲಿಗೆ ಹೋದ. "ಶೆಟ್ರ್ ಮರ ಕಡ್ಸಿದ್ರ್ ಅಕ್ಕ. ಒಂದೇ ಬಿಸ್ಲಿಗ್ ಬಲೆ ಒಣಗ್ತ್."

ವನಜ ಬುಟ್ಟಿಗೆ ಸಿಂಬಿ ಸುತ್ತುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು.

"ಈಗಳಾ?" ಎಂದಳು. ಬುಟ್ಟಿ ತಲೆಗೇರಿಸಿಕೊಂಡು ಪೇಟೆಯ ದಾರಿ ಹಿಡಿದಳು.